ಮೂಲ ಹುಡುಕಿ

ನಿಂಗರಾಜು, ಇಪ್ಪತ್ತಾರು, ಹೊಸಬೂದನೂರು.
ಎಡಗತ್ತಿನ ಗಂಟು, ನೆಲ್ಲಿಕಾಯಿ ಗಾತ್ರ,
ಫಾರ್ಮಲಿನ್ ಕುಡಿದು ಬೂದಿಬಣ್ಣ.
ಕೆಲಸ: ಗ್ಯಾಸ್ ಸಿಲಿಂಡರ್ ಹೊರುವುದು.
(ಫಾರಮಿನಲ್ಲಿ ಅದನ್ನೂ ಬರೆದ ಹುಡುಗಿ ಯಾರೋ,
ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.)

ಗುಲಾಬಿ, ನೇರಳೆ. ದೊಡ್ಡ ದೊಡ್ಡ ಕೋಶಗಳು
ಒಂದಕ್ಕೊಂದು ಒತ್ತಿ, ಗುಂಪುಗುಂಪಾಗಿ,
ವಠಾರದ ಮನೆಗಳ ಹಾಗೆ ಪಾಲುಗೋಡೆ ಹಂಚಿಕೊಂಡು.
ಹಾಗಂತ ಕಂಡಿತು ನನಗೆ.
ಎಲ್ಲಿಂದಲೋ ವಲಸೆ ಬಂದ ಕಾರ್ಸಿನೋಮಾ, ಮೂಲ ಹುಡುಕಿ
ಎಂದು ಬರೆದು, ಸಹಿ ಹಾಕಿ,
ಸಂಜೆಯ ರೈಲಿಗೆ ಓಡಿದೆ.

ಹುಡುಕಿದರು.
ಗಂಟಲಿಗೆ ನಳಿಗೆ, ಹೊಟ್ಟೆಗೆ ನಳಿಗೆ,
ಎದೆಗೊಂದು ಸ್ಕ್ಯಾನು, ಅದಕ್ಕೆ ಅವನಕ್ಕನ ಓಲೆ ಅಡವು.
ಎಲ್ಲೂ ತವರಿಲ್ಲ.
ಸರ್ಜನ್ನು ಫೋನಿನಲ್ಲಿ: "ಮೇಡಂ, ಇದೇನು ಆಕಾಶದಿಂದ ಉದುರಿತಾ?"

ಅವತ್ತು ಮಂಡ್ಯದಿಂದ ಮೈಸೂರಿಗೆ ವಾಪಸು ಬರುವಾಗ
ಎದುರು ಸೀಟಿನಲ್ಲಿ ಮೂವರು,
ಭುಜಕ್ಕೆ ತಲೆ, ತಲೆಗೆ ತಲೆ ಆನಿಸಿ ನಿದ್ದೆ.
ಅಪ್ಪ, ಮಗಳು, ಅಜ್ಜಿ ಅಂದುಕೊಂಡೆ.
ಪಾಂಡವಪುರದಲ್ಲಿ ಅಪ್ಪ ಎದ್ದು, ಚೀಲ ಎತ್ತಿ,
ಯಾರ ಮುಖವನ್ನೂ ನೋಡದೆ ಇಳಿದುಹೋದ.
ಶ್ರೀರಂಗಪಟ್ಟಣಕ್ಕೆ ಅಜ್ಜಿ.
ಹುಡುಗಿ ಕಿಟಕಿಗೆ ಸರಿದು ಮತ್ತೆ ಮಲಗಿದಳು.
ಹೊಳೆಯ ಮೇಲೆ ಸೇತುವೆ ದಡದಡಿಸುವಾಗ
ನನ್ನ ಹೊಟ್ಟೆಯೊಳಗೆ ಏನೋ ಜಾರಿತು:
ಒತ್ತಿ ಕೂತವರೆಲ್ಲ ಒಂದೇ ಮನೆಯವರಲ್ಲ.

ಬೆಳಿಗ್ಗೆ ಅದೇ ಬ್ಲಾಕು, ಕೊಯ್ದ ಹೊಸ ಪದರ.
ಬಣ್ಣ ಹಾಕಿಸಿ ತರಲು ಸಿದ್ದಪ್ಪಾಜಿಗೆ ಎರಡು ದಿನ.
ಕೆರಾಟಿನ್: ಏನೂ ಹಿಡಿದಿಲ್ಲ, ಬರೀ ನೀಲಿ.
ಸಿಡಿ ಮೂವತ್ತು:
ಪ್ರತಿ ಕೋಶದ ಅಂಚಿಗೂ ಕಂದು ಬಳೆ,
ಒಳಗೊಂದು ಕಂದು ಬೊಟ್ಟು.
ಎಎಲ್‌ಕೆ ಕೂಡ ಹಿಡಿದಿದೆ.
ಲಾಳದ ಹಾಗೆ ಬಾಗಿದ ನ್ಯೂಕ್ಲಿಯಸ್ಸು
ಮೊದಲ ದಿನವೂ ಅಲ್ಲೇ ಇತ್ತು. ನಾನು ರೈಲಿನ ಹೊತ್ತು ನೋಡುತ್ತಿದ್ದೆ.
ಲಿಂಫೋಮಾ.
ಬೇರೆಲ್ಲಿಂದಲೂ ಬಂದದ್ದಲ್ಲ,
ಆ ಗಂಟೇ ಅದರ ಊರು.

"ಒಳ್ಳೇ ಸುದ್ದಿ ತಾನೇ?" ಸರ್ಜನ್ನು ಕೇಳಿದರು.
"ಔಷಧಿಯ ಮಾತು ಕೇಳುವ ಜಾತಿ" ಅಂದೆ.
ಇನ್ನೇನೂ ಬಾಯಿಗೆ ಬರಲಿಲ್ಲ.
ನಡುವೆ ಹೋದ ಹದಿನೇಳು ದಿನಕ್ಕೆ, ಅಡವಿಟ್ಟ ಓಲೆಗೆ
ಯಾವ ಬಣ್ಣವೂ ಹಿಡಿಯುವುದಿಲ್ಲ.

ಸಿದ್ದಪ್ಪಾಜಿ ಕಡತದ ಹಳೇ ವರದಿಗೆ
ಸ್ಕೇಲಿಟ್ಟು ಅಡ್ಡಗೀಟು ಹೊಡೆಯುತ್ತ ಬಂದ,
ಒಂದೊಂದೇ ಸಾಲು, ಮೇಲಿನಿಂದ ಕೆಳಕ್ಕೆ.
ನನ್ನ ಸಹಿಯ ಹತ್ತಿರ ಬಂದು
ಪೆನ್ನಿನ ಮುಚ್ಚಳ ಹಾಕಿದ.