ನೂರಿಪ್ಪತ್ತನ್ನು ಇಪ್ಪತ್ತೈದು ಮಾಡುವುದು

ಹಾಸನದ ಸಂತೇಪೇಟೆ, ಕೆಳಗೆ ಬೇಕರಿ, ಮೇಲೆ ನಾನು.
ಬೆಣ್ಣೆ ಬಿಸ್ಕತ್ತಿನ ವಾಸನೆ ಹತ್ತಿದ ಪರದೆಯ ಮುಂದೆ ಕೂತು
ಸೆಕೆಂಡನ್ನು ಕೊಯ್ಯುತ್ತೇನೆ, ಮತ್ತೆ ಅಂಟಿಸುತ್ತೇನೆ.

ಕ್ಯಾಮೆರಾ ತರುವುದು ಸೆಕೆಂಡಿಗೆ ನೂರಿಪ್ಪತ್ತು ಚಿತ್ರ.
ಕೇಬಲ್ಲಿನ ಚನ್ನಬಸಪ್ಪನವರಿಗೆ ಬೇಕಾದದ್ದು ಇಪ್ಪತ್ತೈದು,
ಒಂದು ಹೆಚ್ಚಿದ್ದರೂ ಅವರ ಯಂತ್ರ ಮುನಿಸಿಕೊಳ್ಳುತ್ತದೆ.
ಉಳಿದ ತೊಂಬತ್ತೈದನ್ನು ಎಲ್ಲಿಡಲಿ?

ಮದುವೆಯಾದರೆ ಯೋಚನೆಯೇ ಇಲ್ಲ, ಬೆರೆಸುತ್ತೇನೆ.
ನಾಲ್ಕು ಚಿತ್ರ ಪೂರ್ತಿ, ಐದನೆಯದರಲ್ಲಿ ಐದಕ್ಕೆ ನಾಲ್ಕು ಪಾಲು,
ಮಿಕ್ಕ ಚೂರು ಪಕ್ಕದ ಮನೆಗೆ.
ಒಂದರ ಮೇಲೊಂದು ತೆಳ್ಳಗೆ ಹಾಸಿದರೆ
ಅಕ್ಷತೆ ಕಾಳಾಗಿ ಬೀಳದೆ ಗೆರೆಯಾಗಿ ಇಳಿಯುತ್ತದೆ,
ಸೆರಗು ಗಾಳಿಯನ್ನು ಸವರಿಕೊಂಡು ಹೋಗುತ್ತದೆ,
ಸೋದರಮಾವನ ಸಿಡುಕು ಕೂಡ ಎಲ್ಲೋ ಕರಗಿ
ಹೆಣ್ಣಿನ ಕಡೆಯವರು ಕೇಳದೆಯೇ ನೂರು ಹೆಚ್ಚು ಕೊಡುತ್ತಾರೆ.

ಆವತ್ತು ಬಂದದ್ದು ನಗರಸಭೆಯ ನೀರಿನ ಸರದಿ.
ಹೇಳುವವರು ಜೆಸಿಂತಾ ಟೀಚರ್, ಕಿವುಡ ಮಕ್ಕಳ ಶಾಲೆಯವರು,
ಹುಟ್ಟಿದಾಗಿನಿಂದ ತಾವೂ ಕೇಳದವರು.
ಕಿಟಕಿಗೆ ಬೆನ್ನು ಮಾಡಿ ನಿಂತು
ಯಾವ ವಾರ್ಡು, ಯಾವ ದಿನ, ಎಷ್ಟು ಗಂಟೆ,
ಕೈ ಹಾರಿತು, ಮಗುಚಿತು, ಗಲ್ಲ ಮುಟ್ಟಿ ಬಿಚ್ಚಿಕೊಂಡಿತು.
ರೂಢಿಯಂತೆ ಬೆರೆಸಿ, ಚಹಾ ತರಿಸಿ, ತೋರಿಸಿದೆ.

ಅವರು ಲೋಟ ಕೆಳಗಿಟ್ಟರು.
ಪರದೆಗೆ ಮೂಗು ತಾಗುವಷ್ಟು ಬಾಗಿದರು.
ಮೂರು ಬೆರಳು ನೆಟ್ಟಗೆ. ನಾಲ್ಕನೆಯದು
ಹೊಗೆಯ ಹಾಗೆ, ಇದೆ ಅಂದರೆ ಇದೆ.
ನನ್ನ ಬಿಲ್ಲಿನ ಬೆನ್ನಿಗೆ ಪೆನ್ಸಿಲ್ಲಲ್ಲಿ ಬರೆದರು:
“ಮೂರೂಕಾಲು ಬೆರಳು.
ಈ ಕಾಲು ಬೆರಳಿನ ನೀರು ಯಾವ ಬೀದಿಗೆ ಬಿಡುತ್ತಾರೆ?”

ನಕ್ಕೆ. ಅವರು ನಗಲಿಲ್ಲ.

ನಡುವಿನ ಚಿತ್ರಕ್ಕೆ ಹೆಚ್ಚು ತೂಕ, ಅಂಚಿನವಕ್ಕೆ ಕಡಿಮೆ,
ಹಾಗೂ ಮಾಡಿ ನೋಡಿದೆ. ಹೊಗೆ ತೆಳುವಾಯಿತು, ಹೋಗಲಿಲ್ಲ.
“ಸ್ವಲ್ಪ ನಿಧಾನಕ್ಕೆ ಮಾಡಿದರೆ…” ಎಂದು ನಾನೂ ಬರೆದೆ.
ಪೆನ್ಸಿಲ್ಲು ಕಿತ್ತುಕೊಂಡೇ ಉತ್ತರ:
“ವಾರ್ತೆ ಓದುವವರಿಗೆ ಹೀಗೆ ಹೇಳುತ್ತೀರಾ?
ನಾನು ಸ್ಪಷ್ಟವಾಗಿಯೇ ಮಾತಾಡಿದ್ದೇನೆ.
ತೊದಲುತ್ತಿರುವುದು ನೀವು.”

ಬಿಲ್ಲು ತಿರುವಿದೆ. ಈ ಬದಿಯಲ್ಲಿ ನನ್ನದೇ ಅಕ್ಷರ,
‘ನಯ ಮಾಡಿದ್ದಕ್ಕೆ: ಇನ್ನೂರು’.
ಹದಿನಾಲ್ಕು ವರ್ಷದಿಂದ ಬರೆದುಕೊಂಡು ಬಂದದ್ದು.

ಎದುರಿನ ಮಂಡಿಯಲ್ಲಿ ಬಿತ್ತನೆ ಆಲೂಗಡ್ಡೆ ಆರಿಸುತ್ತಿದ್ದರು.
ಗೋಣಿಯ ಮೇಲೆ ಕೂತ ಹೆಂಗಸು
ಒಂದನ್ನು ಮಡಿಲಿಗೆ ಹಾಕಿ ನಾಲ್ಕನ್ನು ಆಚೆ ಉರುಳಿಸುತ್ತಾಳೆ,
ಐದು ಗಡ್ಡೆ ಕಲಸಿ ಒಂದು ಮಾಡಲು ಹೋಗುವುದಿಲ್ಲ.
ನಾನೂ ಆರಿಸಿದೆ. ಐದು ಹೆಜ್ಜೆಗೊಂದು, ಹೀಗೆ ನಾಲ್ಕು ಸಲ,
ಐದನೆಯ ಸಲ ನಾಲ್ಕೇ ಹೆಜ್ಜೆಗೆ, ಲೆಕ್ಕ ಕೂಡಬೇಕಲ್ಲ.
ಈಗ ಕೈ ಹಾರುವುದಿಲ್ಲ, ಕುಪ್ಪಳಿಸುತ್ತದೆ,
ಅಲ್ಲಲ್ಲಿ ಸಣ್ಣಗೆ ಕುಂಟುತ್ತದೆ.
ಬೆರಳನ್ನು ಎಣಿಸಬಹುದು.

ನನ್ನ ಜಂಭ ಬಿಡಲಿಲ್ಲ.
ಕೈ ಮುಖ ಬಿಟ್ಟು ಹಿಂದಿನ ಕಿಟಕಿಯನ್ನಷ್ಟೇ ಬೆರೆಸಿದೆ.
ಬೇಲೂರಿನ ಬಸ್ಸು ಅಲ್ಲಿ ಕೆಂಪು ರೇಷ್ಮೆಯಾಗಿ ಜಾರಿತು.
ಅದರ ಬಗ್ಗೆ ಟೀಚರ್ ಏನೂ ಬರೆಯಲಿಲ್ಲ.

ಬಾಕಿ ಇಸಿದುಕೊಳ್ಳಲು ಶಾಲೆಗೆ ಹೋದ ದಿನ
ತೌಸೀಫ್ ಎಂಬ ಹಲ್ಲು ಬಿದ್ದ ಹುಡುಗ
ನನ್ನನ್ನು ಕಂಡವನೇ ಮೂರು ಬೆರಳೆತ್ತಿ
ನಾಲ್ಕನೆಯದನ್ನು ಅರ್ಧ ಮಡಿಸಿ ಗಡಗಡ ನಡುಗಿಸಿದ.
ಇಡೀ ತರಗತಿ ಬೆಂಚು ಬಡಿದು ನಕ್ಕಿತು.
ಅಲ್ಲಿ ಎಲ್ಲರಿಗೂ ಒಂದೊಂದು ಕೈಹೆಸರು,
ಇದು ನನ್ನದಂತೆ.

ರಾತ್ರಿ ಅಂಗಡಿ ಮುಚ್ಚುವ ಮುನ್ನ ಕಪ್ಪು ಪರದೆಯೆದುರು
ಒಂದೆರಡು ಸಲ ಮಾಡಿ ನೋಡುತ್ತೇನೆ.
ಕಿರುಬೆರಳು ಇನ್ನೂ ಅವನಷ್ಟು ಚೆನ್ನಾಗಿ ನಡುಗುವುದಿಲ್ಲ.