ಶುದ್ಧ ಪ್ರತಿ

ಕಬ್ಬನ್‌ಪೇಟೆಯ ಆ ಮನೆಯಲ್ಲಿ ನಾಲ್ಕು ಮಗ್ಗ, ಮೂವರು ಹೆಣ್ಣುಮಕ್ಕಳು.
ಕಾಗದಕ್ಕೆ ಕಾಸೆಂದರೆ ಅಪ್ಪನಿಗೆ ಸಿಟ್ಟು.
ಅಕ್ಕಂದಿರು ಕಥೆ ಕಲಿತದ್ದು
ಸವೆದ ಜಕಾರ್ಡ್ ಅಟ್ಟೆಗಳ ಬೆನ್ನ ಮೇಲೆ.
ತೂತು ಬಂದಲ್ಲಿ ಪದ ಹಾರಬೇಕು.
ಸರ್ವಮಂಗಳಕ್ಕ ಹಾರುತ್ತಿದ್ದಳು;
ಅಂಬುಜಕ್ಕ ತೂತಿನ ಸುತ್ತ ಬಳಸಿ ಬಳಸಿ ಬರೆಯುತ್ತಿದ್ದಳು.
ಮುಂದೆ ವಿಮರ್ಶಕರು ಅದನ್ನೇ
ಒಬ್ಬಳ ಮೌನ, ಇನ್ನೊಬ್ಬಳ ವಿಸ್ತಾರ ಎಂದರು.

ನಾನು ಬರೆದವಳಲ್ಲ. ನನ್ನ ಅಕ್ಷರ ದುಂಡಗೆ,
ಹಾಗಾಗಿ ಇಬ್ಬರಿಗೂ ಶುದ್ಧ ಪ್ರತಿ ನಾನೇ.
ಬುಧವಾರ ಸಂಜೆಯೊಳಗೆ ವಾರಪತ್ರಿಕೆಗೆ ಕಂತು ಮುಟ್ಟಬೇಕು.
ಮಗ್ಗದ ಕುಣಿಯ ಪಕ್ಕ ಕೂತು
ಎಷ್ಟು ನಾಯಕಿಯರನ್ನು ದಡ ಹತ್ತಿಸಿದೆನೋ!

ಒಂದು ದಿನ ಅಮ್ಮ ಮನೆಯಲ್ಲಿರಲಿಲ್ಲ.
ಕಂಡಿಕೆ ಸುತ್ತುವುದನ್ನು ಅರ್ಧಕ್ಕೆ ಬಿಟ್ಟು ಹೋದವಳು
ದೀಪ ಹಚ್ಚುವ ಹೊತ್ತಿಗೆ ಬಂದು
ಅದೇ ಎಳೆಯಿಂದ ಮುಂದುವರಿಸಿದಳು.
ಅಪ್ಪ ಕೇಳಲಿಲ್ಲ.
ಕೇಳದೆ ಉಳಿದದ್ದು ಮನೆಯಲ್ಲಿ
ಐದನೆಯ ಮಗ್ಗವಾಯಿತು.

ಅಂಬುಜಕ್ಕನ ಹನ್ನೊಂದು ಕಾದಂಬರಿಗಳಲ್ಲೂ
ಒಬ್ಬ ಹೆಂಗಸು ಹೊಸಿಲು ದಾಟುತ್ತಾಳೆ:
ಯಾರದೋ ತೋಳಿಗೆ, ಕೆಂಪಾಂಬುಧಿ ಕೆರೆಗೆ,
ಒಮ್ಮೆ ರೈಲು ಹತ್ತಿ ಕಾಶಿಗೆ.
ಸರ್ವಮಂಗಳಕ್ಕನ ಆರು ಪುಸ್ತಕಗಳಲ್ಲಿ
ತಾಯಿಯೇ ಇಲ್ಲ. ಹುಡುಗಿಯರು
ತಾವೇ ಜಡೆ ಹೆಣೆದುಕೊಳ್ಳುತ್ತಾರೆ.

ಒಮ್ಮೆ ಪ್ರತಿ ಮಾಡುವಾಗ ಒಂದು ವಾಕ್ಯ ನಾನೇ ಸೇರಿಸಿದೆ:
‘ಅವಳಿಗೆ ನಿದ್ದೆ ಬಂದಿತ್ತು.’
ಕರಡಚ್ಚಿನಲ್ಲಿ ಅಂಬುಜಕ್ಕ ಕೆಂಪು ಗೀಟು ಎಳೆದಳು,
‘ನಿದ್ದೆ ಒಂದು ಕಥೆಯೇನೇ, ಚೌಡಿ?’

ವಿಕ್ಟೋರಿಯಾ ಆಸ್ಪತ್ರೆಯ ಮಂಚದಲ್ಲಿ, ಕೊನೆಗೆ,
ಅವಳೇ ನನ್ನ ಮಣಿಕಟ್ಟು ಹಿಡಿದಳು.
‘ಅವತ್ತು ಅಮ್ಮ ಎಲ್ಲಿಗೆ ಹೋಗಿದ್ದಳೇ?’
ಹನ್ನೊಂದು ಸಲ ನೀನೇ ಹೇಳಿದ್ದೀಯಲ್ಲ, ಎಂದೆ.
ನಕ್ಕಳು. ಹನ್ನೆರಡನೆಯದು
ಆಗಲೇ ಕಣ್ಣಲ್ಲಿ ಹೊಳೆಯುತ್ತಿತ್ತು,
ನನಗೆ ಬಾಯಿ ಬರಲಿಲ್ಲ.

ನನಗಾಗ ಐದು ವರ್ಷ.
ಪಕ್ಕದ ಮನೆಯಲ್ಲಿ ಆಡುತ್ತಿದ್ದೇನೆಂದು
ಎಲ್ಲರೂ ಅಂದುಕೊಂಡಿದ್ದರು.

ಲಾಲ್‌ಬಾಗಿನ ಬಂಡೆಯ ಮೇಲೆ, ಗೋಪುರದ ನೆರಳಲ್ಲಿ,
ಅಮ್ಮ ಸೆರಗು ಹಾಸಿ ಮಲಗಿದಳು.
ನೆರಳು ಸರಿದಂತೆ ತಾನೂ ಸರಿದಳು, ಕಣ್ಣು ಬಿಡದೆ.
ಲಾಳಿಯ ಸದ್ದಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು.
ಬಿಸಿಲು ಇಳಿಯುವವರೆಗೂ ನಾನು
ಸೌತೆಕಾಯಿಯ ಖಾರ ನೆಕ್ಕುತ್ತ
ಕಾಗೆ ಓಡಿಸುತ್ತಿದ್ದೆ.