ಕಪ್ಪು ಚೀಲಕ್ಕೆ ಅಡ್ಡಿಯಿಲ್ಲ

ನಾನು ಊದುವವನು.
ಶಂಖವಲ್ಲ, ಪುಗ್ಗೆಯಲ್ಲ.
ಅಜ್ಮಾನಿನ ಜುರ್ಫ್‌ನಲ್ಲಿ
ಹಾಜಿ ಇದಿನಬ್ಬರ ತಗಡಿನ ಶೆಡ್ಡಿನೊಳಗೆ
ಸಾಬಕ್ಕಿಯಂಥ ಕಾಳು ಸುರಿದು
ನೂರೆಪ್ಪತ್ತು ಡಿಗ್ರಿಗೆ ಕರಗಿಸಿ ಗಾಳಿ ಕೊಟ್ಟರೆ
ಏಳುತ್ತದೆ ಗುಳ್ಳೆ
ಎರಡಾಳು, ಮೂರಾಳು, ಸೂರು ಮುಟ್ಟುವವರೆಗೆ,
ಆಚೆಯ ಟ್ಯೂಬ್‌ಲೈಟು ಈಚೆಗೆ ಕಾಣುವಷ್ಟು ತೆಳ್ಳಗೆ.
ಒಂದು ಕರಕಲು ಕಣ ಸಾಕು ಒಡೆಯಲು.
ಹದಿನೇಳು ವರ್ಷ ಕತ್ತೆತ್ತಿಯೇ ನಿಂತಿದ್ದೇನೆ.

ಊದಿದ್ದನ್ನು ಚಪ್ಪಟೆಯಾಗಿಸಿ ಸುತ್ತಿ ಕೊಟ್ಟರೆ
ಅಕ್ಷರ ಹಚ್ಚುವವನು ಲಾದ್ರು.
ಅವನ ಕಪಾಟಿನಲ್ಲಿ ರಬ್ಬರಿನ ಅಚ್ಚು,
ಇನ್ನೂರ ಹದಿನಾಲ್ಕು ಅಂಗಡಿ:
ಬಹರದ ಬೆಳಕು ಗ್ರೋಸರಿ, ಪಠಾಣನ ರೊಟ್ಟಿ,
ಮೀನಿನವರು, ಇಸ್ತ್ರಿಯವರು,
ಮೂರು ಸಲ ಹೆಸರು ಬದಲಿಸಿದ ಒಂದು ಚಹಾದಂಗಡಿ.
ಎಲ್ಲವೂ ತಿರುವುಮುರುವು, ಕನ್ನಡಿಯೊಳಗಿನಂತೆ.
ಅರಬ್ಬಿ ಬಾರದ ಲಾದ್ರುವಿಗೆ
ಉಲ್ಟಾ ಅರಬ್ಬಿ ಸಲೀಸು.
'ನಮ್ಮ ಕನ್ನಡದ ಹಾಗೆ ಎಡದಿಂದ ಹೊರಡುತ್ತದಲ್ಲ!'
ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿ ಹೇಳುವನು
'ಯಾರೋ ತಪ್ಪು ಬರೆದಿದ್ದಾರೆ ಮಾರಾಯ.'

ಬಲದಿಯಾದ ಕಾಗದ ಬಂದದ್ದು ಬುಧವಾರ.
ಹಾಜಿಗೆ ಕನ್ನಡಕ ಸಿಗಲಿಲ್ಲ.
ಟೈಪಿಸ್ಟ್ ಶಾಹುಲ್ ಓದಿದ:
ಒಂದೇ ಸಲ ಬಳಸಿ ಎಸೆಯುವ ಕೈಚೀಲ
ಹೊಸ ವರ್ಷದಿಂದ ಇಲ್ಲ.
ಮಾಡುವಂತಿಲ್ಲ, ಮಾರುವಂತಿಲ್ಲ, ಕೊಡುವಂತಿಲ್ಲ.
ಎ.ಸಿ. ಮಾತ್ರ ಮಾತಾಡುತ್ತಿತ್ತು.
'ಕಸದ ಚೀಲ?' ಕೇಳಿದರು ಹಾಜಿ.
ಶಾಹುಲ್ ಬೆರಳಿಟ್ಟು ಹುಡುಕಿದ,
ಎರಡನೇ ಹಾಳೆ, ಕೆಳಗಿನ ಸಾಲು.
ಅದಕ್ಕೆ ಅಡ್ಡಿಯಿಲ್ಲ.

ಬೈಯೋಣವೆಂದರೆ ನನಗೆ ಬಾಯಿ ಬರಲಿಲ್ಲ.
ಹಿಂದಿನ ಚಳಿಗಾಲ ಧೈದಿನ ದಾರಿಯಲ್ಲಿ
ವ್ಯಾನಿನ ಟಯರು ಬದಲಿಸುವಾಗ
ಗಾಫ್ ಮರದ ಮುಳ್ಳಿಗೆ ಸಿಕ್ಕಿ ಪಟಪಟ ಅನ್ನುತ್ತಿತ್ತು ಒಂದು.
ಹೆಸರು ಬಿಸಿಲು ತಿಂದಿತ್ತು.
ಅಂಚಿನ ಗೀರು ಮಾತ್ರ ನಮ್ಮ ಮೂರನೇ ಮೆಷಿನ್ನಿನದು;
ಹೆತ್ತವನಿಗೆ ಮಚ್ಚೆ ಗೊತ್ತಾಗದೆ?
ಎಳೆದರೆ ಕೈಯಲ್ಲಿ ಪುಡಿಯಾಯಿತು.
ಪುಡಿ ಮರಳಾಗಲಿಲ್ಲ.

ಹಾಜಿ ಬಟ್ಟೆಚೀಲದ ಸ್ಯಾಂಪಲ್ ತರಿಸಿದರು ತಿರುಪ್ಪೂರಿನಿಂದ.
ಒಂದರ ಬೆಲೆಗೆ ನಮ್ಮದು ನಲವತ್ತು.
ಅಂಗಡಿಯವರು ಮುಟ್ಟಿ ನೋಡಿ, ಚಹಾ ಕುಡಿಸಿ, ಕಳಿಸಿದರು.
ಗಿರಾಕಿಗಳು ಮೊಟ್ಟೆಯ ಟ್ರೇಯನ್ನು
ಮಗುವಿನಂತೆ ಎದೆಗವಚಿ ನಡೆಯುವುದನ್ನು ಕಲಿತರು,
ಒಂದು ವಾರದಲ್ಲಿ.
ಅಷ್ಟು ಬೇಗ ಕಲಿಯುತ್ತಾರೆಂದು ನಾವು ಎಣಿಸಿರಲಿಲ್ಲ.

ಈಗ ಹಾಪರಿಗೆ ಮಸಿಯಂಥ ಕಾಳು.
ಗುಳ್ಳೆ ಏಳುತ್ತದೆ, ಕಪ್ಪಗೆ,
ಹಿಂದಿನ ಬೆಳಕು ಕಾಣುವುದಿಲ್ಲ.
ಎಸೆದ ಮೇಲೆ ಕಸವಾಗುತ್ತಿದ್ದದ್ದು ತಪ್ಪು,
ಕಸಕ್ಕೆಂದೇ ಹುಟ್ಟಿದ್ದು ಸರಿ.
ಇರಲಿ, ನನ್ನ ಸಂಬಳ ಅದರಲ್ಲಿದೆ.
ಕಸಕ್ಕೆ ಹೆಸರು ಬೇಕಿಲ್ಲ,
ಹೆಸರು ಬೇಡದಲ್ಲಿ ಲಾದ್ರು ಬೇಕಿಲ್ಲ.
ಹಾಜಿ ಲೆಕ್ಕ ಚುಕ್ತಾ ಮಾಡಿದರು, ಒಂದು ತಿಂಗಳದ್ದು ಹೆಚ್ಚಿಗೇ ಕೊಟ್ಟು
ಮುಖ ಆಚೆ ತಿರುಗಿಸಿದರು.
ಉಗುರಿನ ನೀಲಿ ಹೋಗುವ ಮೊದಲೇ
ಅವನ ವೀಸಾ ಹೋಗಿತ್ತು.

ಮೊನ್ನೆ ಕಪಾಟು ಖಾಲಿ ಮಾಡೆಂದರು.
ರಬ್ಬರು ಗುಜರಿಯವನಿಗೂ ಬೇಡವಂತೆ.
ಒಂದೊಂದೇ ಹಾಕಿದೆ,
ಗ್ರೋಸರಿ, ರೊಟ್ಟಿ, ಮೀನು, ಇಸ್ತ್ರಿ,
ಚಹಾದಂಗಡಿಯ ಮೂರೂ ಹೆಸರು.
ಒಂದೇ ಚೀಲದಲ್ಲಿ ಇನ್ನೂರ ಹದಿನಾಲ್ಕು ಅಂಗಡಿ.
ಕುತ್ತಿಗೆ ಕಟ್ಟಿ
ಗೇಟಿನವರೆಗೆ ದರದರ ಎಳೆದುಕೊಂಡು ಹೋದೆ.
ಹರಿಯಲಿಲ್ಲ.
ಗಟ್ಟಿ ಚೀಲ.
ನಾನೇ ಊದಿದ್ದು.